ಬರಿಗಾಲಿನ ಪದಾತಿಗಳು

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಏಳೂಕಾಲು. ಹೆಬ್ಬೆರಳಿನ ಗೆಣ್ಣಿನಷ್ಟೆತ್ತರದ ಸೈನಿಕನೊಬ್ಬನಿಗೆ ಚಪ್ಪಲಿ ಬರೆಯಲು ಕಂದು ಬಣ್ಣದ ಕುಂಚ ಎತ್ತಿದವಳು, ಎತ್ತಿದಂತೆಯೇ ಕೂತಿದ್ದೇನೆ.

ನಲ್ಲಿ ಸೋರಿದರೆ ಮೆತ್ತುವ ಪುಟ್ಟಿಯನ್ನು ತಂತಿಗೆ ಮೆತ್ತಿ ನಾನು ಸೃಷ್ಟಿಸಿದ ನಲವತ್ತೆರಡು ಪದಾತಿಗಳು ನಮ್ಮ ಚನ್ನಗಿರಿ ಸೀಮೆಯ ಪಾಳೆಗಾರರ ಕಾಲದವರು. ಹುಟ್ಟಿದ ತಾರೀಖು ಪ್ರತಿಯೊಬ್ಬನ ಪೀಠದಡಿ ಬರೆದಿದೆ. ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಈ ಯುದ್ಧಕ್ಕೆ ನನಗೆ ದೊರೆತ ಏಕೈಕ ಶತ್ರು ಕಾಲೇಜಿನ ಗೆಳೆಯ ಇಮ್ರಾನ್. ಅವನ ಕುದುರೆಪಡೆಯ ಬೀಡು ಜಗಳೂರಿನಲ್ಲಿ, ಅವರಪ್ಪನ ಸೈಕಲ್ ಅಂಗಡಿಯ ಅಟ್ಟದ ಮೇಲೆ. ಹಾಗಾಗಿ ಕಳೆದ ಭಾನುವಾರ ನನ್ನ ಸೈನ್ಯ ಮೊಟ್ಟೆ ಟ್ರೇಗಳಲ್ಲಿ ಕೂತು ಬಸ್ಸೇರಿತು.

“ತತ್ತಿ ಒಡೆದ್ರೆ ನನ್ನ ಕೇಳಂಗಿಲ್ಲ ನೋಡ್ರಿ ಅಕ್ಕಾರೆ,” ಎಂದ ಕಂಡಕ್ಟರ್.

“ತತ್ತಿ ಅಲ್ಲಣ್ಣ, ಸೈನ್ಯ ಐತೆ.”

“ಸೈನ್ಯಾನಾ? ಮತ್ತೆ ಒಂದೇ ಟಿಕೆಟ್ ಕೇಳ್ತೀರಲ್ರಿ!”

ಹೊರದೇಶದಿಂದ ಬಂದ ನಮ್ಮ ನಿಯಮಪುಸ್ತಕದ ಪ್ರಕಾರ ಪಾದರಕ್ಷೆ ತೊಟ್ಟವರದು ಶಿಸ್ತಿನ ಪಡೆ, ಬರಿಗಾಲಿನವರದು ಬರೀ ಗುಂಪು. ಗುಂಪಿನಲ್ಲಿ ಕಾಲುಭಾಗ ಬಿದ್ದರೆ ಉಳಿದವರು ಓಡಲೇಬೇಕು. ನನ್ನ ಹನ್ನೊಂದನೆಯವನು ಬಿದ್ದದ್ದೇ ತಡ, ಇಮ್ರಾನ್ ನಕ್ಕ.

“ಓಡಿದ್ರು ನಿಮ್ಮೋರು. ತೆಗೀರಿ ಮೇಡಂ.”

“ಓಡಿದ್ದನ್ನ ಯಾರು ನೋಡ್ಯಾರೆ?”

“ನಿಂತಿದ್ದನ್ನ ಯಾರು ನೋಡ್ಯಾರೆ?”

ಉಳಿದ ಮೂವತ್ತೊಂದು ಮಂದಿಯನ್ನೂ ಮೇಜಿನಿಂದ ತೆಗೆದೆ.

ಅದಕ್ಕೇ ಈ ಚಪ್ಪಲಿಯ ಉಪಾಯ: ಕಾಲಿಗೆರಡು ಗೀರು ಎಳೆದರೆ ಸಾಕು, ಇಡೀ ಗುಂಪು ಶಿಸ್ತಿನ ಪಡೆ! ಆದರೆ ಓದುಗರೇ, ನಮ್ಮೂರ ಕೋಟೆಗುಡ್ಡವನ್ನು ಬರಿಗಾಲಲ್ಲಿ ಸರಸರ ಹತ್ತುವವರನ್ನು ಕಂಡಿದ್ದೇನೆ. ಅರ್ಧದಲ್ಲೇ ಏದುಸಿರು ಬಿಟ್ಟು ಕೂತವಳು ದುಬಾರಿ ಶೂ ತೊಟ್ಟ ನಾನು. ಈ ನಲವತ್ತೆರಡು ಜನ ಗೆಲ್ಲಲೆಂದು ಅವರ ಕಾಲನ್ನೇ ಬದಲಿಸುವುದಾದರೆ, ಗೆದ್ದವರು ಯಾರು? ಇಮ್ರಾನ್‌ಗೆ ಫೋನು ಮಾಡಿದೆ.

“ನನ್ನೋರು ಬರಿಗಾಲಾಗೇ ಬರ್ತಾರೆ. ನಿಲ್ತಾರೋ ಓಡ್ತಾರೋ ದಾಳ ಹೇಳ್ಲಿ, ಪುಸ್ತಕ ಬ್ಯಾಡ. ಹೆದರಿಕೆ ಆದ್ರೆ ಹೇಳು.”

“ನನಗೇನ್ ಹೆದರಿಕೆ? ಪುಸ್ತಕ ಬರೆದೋನು ಕೇಳಿದ್ರೆ?”

“ಚಪ್ಪಲಿ ಬಿಟ್ಟು ನಮ್ ಗುಡ್ಡ ಹತ್ತಾಕೆ ಬಾ ಅನ್ನು.”

ಎಂಟು ಗಂಟೆ. ಚಪ್ಪಲಿಗೆಂದು ಕಲಸಿದ್ದ ಕಂದನ್ನು ತೆಳುಮಾಡಿ ಪಾದದ ತುಂಬ ಹರಡಿದೆ, ದಾರಿಯ ಧೂಳಾಯಿತು. ಆ ಕಾಲದ ಪದಾತಿಗಳು ಕಾಲಿಗೇನು ತೊಡುತ್ತಿದ್ದರು, ಪೆಟ್ಟು ಬಿದ್ದಾಗ ನಿಂತರೋ ಓಡಿದರೋ, ಬಲ್ಲವರಿದ್ದರೆ ಬರೆದು ತಿಳಿಸಿ. ಓಡಿದರು ಎನ್ನುವವರು, ಅಟ್ಟಿಸಿಕೊಂಡು ಹೋದವರಿಗೆ ಸಿಕ್ಕರೇ ಎಂಬುದನ್ನೂ ಬರೆಯಿರಿ.