ಚಕ್ಕುಬಂದಿ ಬರೆಯುತ್ತ ಕೂತವಳು

ನನ್ನ ಕೈಬರಹ ಚೆನ್ನಾಗಿದೆ. ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ನಾನು ಎರಡು ಸಲ ಬಿದ್ದದ್ದು ಕಾನೂನು ಗೊತ್ತಿಲ್ಲದೆ ಅಲ್ಲ, ತೀರ್ಪು ಬರೆಯುವ ಪತ್ರಿಕೆಯನ್ನು ಮುಗಿಸಲಾಗದೆ. ಮೇಲ್ವಿಚಾರಕರು ಹಾಳೆ ಕಿತ್ತುಕೊಂಡಾಗ ಎರಡು ಸಲವೂ ನನ್ನ ವಾದಿ, ಪ್ರತಿವಾದಿ ಇಬ್ಬರೂ ತೀರ್ಪಿಲ್ಲದೆ ನಿಂತಿದ್ದರು. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು. ಮೂರನೆಯದೇ ಕಡೆಯ ಅವಕಾಶ.

ಮನೆ ಗುಂಡ್ಲುಪೇಟೆ, ವಕೀಲಿಕೆ ಚಾಮರಾಜನಗರದಲ್ಲಿ. ಹೀಗಾಗಿ ಬೆಳಗಿನ ಬಸ್ಸೇ ನನ್ನ ಓದುವ ಕೋಣೆ. ತೆರಕಣಾಂಬಿ ಬರುವಷ್ಟರಲ್ಲಿ ಒಂದು ದಾವೆಯ ವಿವಾದಾಂಶಗಳನ್ನೆಲ್ಲ ಬರೆದಿರಬೇಕೆಂದು ನಿಯಮ ಹಾಕಿಕೊಂಡಿದ್ದೆ. ತೆರಕಣಾಂಬಿ ದಿನಾ ಸರಿಯಾಗಿ ಬರುತ್ತಿತ್ತು. ನಾನು ಮಾತ್ರ ಇನ್ನೂ ಮೊದಲ ಸಾಲನ್ನು ತಿದ್ದುತ್ತಿರುತ್ತಿದ್ದೆ. ಸರಾಗವಾಗಿ ಬರೆಯುತ್ತದೆಂದು ಅಂಗಡಿಯವರು ಕೊಟ್ಟ ದುಬಾರಿ ಪೆನ್ನು ನನ್ನ ಬಿಳಿ ಸೀರೆಯ ಮೇಲೆ ಬಹಳ ಸರಾಗವಾಗಿ ಬರೆಯಿತು.

ಕೊನೆಗೆ ರೋಗ ಕಂಡುಹಿಡಿದವರು ನಮ್ಮ ಆಫೀಸಿನ ಗುಮಾಸ್ತರು, ಪುಟ್ಟಮಾದಪ್ಪನವರು. ಚಂದಕವಾಡಿಯ ಕಡೆಯವರು. ನಾನು ಕೋಟು ತೊಡುವ ಮೊದಲಿನಿಂದಲೂ ದಾವೆ ಕಟ್ಟು ಹೊಲಿಯುತ್ತ ಬಂದವರು. ನನ್ನ ಅಭ್ಯಾಸದ ಹಾಳೆಗಳನ್ನು ತಿರುವಿ ಕನ್ನಡಕ ಇಳಿಸಿದರು.

“ಏನವ್ವಾ ಇದು? ಪ್ರಶ್ನೇಲಿ ಬರೀ ಮೂರೆಕ್ರೆ ಜಮೀನು ಅಂತ ಐತೆ. ನೀನು ಮೂಡ್ಲಾಗಿ ಸಿದ್ದಮ್ಮನ ಹೊಲ, ಪಡುವ್ಲಾಗಿ ಬಂಡಿದಾರಿ ಅಂತ ಬರ್ದಿದ್ದೀಯಲ್ಲ, ಈ ಸಿದ್ದಮ್ಮ ಯಾರು?”

ಸಿದ್ದಮ್ಮ ಯಾರೆಂದು ನನಗೂ ಗೊತ್ತಿರಲಿಲ್ಲ. ಜಮೀನು ಎಂದ ಮೇಲೆ ನಾಲ್ಕು ದಿಕ್ಕಿಗೂ ಎಲ್ಲೆ ಬೇಕೇ ಬೇಕಲ್ಲ ಎಂದು ನಾನೇ ಹುಟ್ಟಿಸಿದ್ದೆ. ಇದಕ್ಕೆ ಕಾರಣವೂ ಇದೆ. ವಕೀಲಿಕೆಯ ಮೊದಲ ವರ್ಷ ಹರವೆ ಕಡೆಯ ಒಂದು ದಾವೆಯಲ್ಲಿ ತೆಂಕಲಿಗಿದ್ದ ಹಳ್ಳವನ್ನು ನಾನು ಬಡಗಲಿಗೆ ಬರೆದುಬಿಟ್ಟಿದ್ದೆ. ಗೆದ್ದ ಕಕ್ಷಿದಾರರು ತಮ್ಮ ಜಮೀನಿಗೆ ಕಾಲಿಡಲು ಇನ್ನೊಂದು ಅರ್ಜಿ ಹಾಕಬೇಕಾಯಿತು. ಅಂದಿನಿಂದ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ, ಬರೆಯದೆ ನನಗೆ ಮುಂದಿನ ಪ್ಯಾರಾ ಹೊಳೆಯುವುದಿಲ್ಲ. ಪರೀಕ್ಷೆಯಲ್ಲೂ ಅರ್ಧ ಗಂಟೆ, ಇಲ್ಲದ ಜಮೀನಿಗೆ ಇಲ್ಲದ ನೆರೆಯವರನ್ನು ಹುಡುಕುತ್ತ ಕೂರುತ್ತಿದ್ದೆನೆಂದು ಆಗ ಅರಿವಾಯಿತು. ನಾಚಿಕೆಯೂ ಆಯಿತು, ನಗುವೂ ಬಂತು.

“ಪರೀಕ್ಸೆ ಮನೆಗೆ ಯಾವ ಸರ್ವೇಯರು ಬತ್ತನೆ? ಬೇಲಿ ಆಕದ ಬುಟ್ಬುಡು,” ಎಂದರು ಪುಟ್ಟಮಾದಪ್ಪನವರು. “ಯಾರ್ಗೆ ಏನ್ ಕೊಡ್ಬೇಕು ಅಂತ ಮೊದ್ಲು ಒಂದು ಚೀಟೀಲಿ ಬರ್ಕೊ. ಆಮ್ಯಾಕೆ ಯಾಕೆ ಕೊಟ್ಟೆ ಅಂತ ಏಳ್ಕೊಂಡು ಓಗು. ಅಷ್ಟೇ ಕಣವ್ವ.”

ಹತ್ತು ವರ್ಷದ ಅಭ್ಯಾಸ ಒಂದು ಮಾತಿಗೆ ಬಿಡುತ್ತದೆಯೇ? ಬಸ್ಸಿನಲ್ಲಿ ತಿಂಗಳುಗಟ್ಟಲೆ ಕಡೆಯ ಸಾಲಿನಿಂದ ಹಿಂದಕ್ಕೆ ಯೋಚಿಸುವುದನ್ನು ಕಲಿತೆ. ಪೂರ್ವದಿಕ್ಕು ನೆನಪಾದಾಗಲೆಲ್ಲ ಕೈ ಚಿವುಟಿಕೊಂಡೆ.

ಪರೀಕ್ಷೆಯ ದಿನ ಬಂದ ಪ್ರಶ್ನೆ, ತಂದೆಯ ಜಮೀನಿನಲ್ಲಿ ಅಣ್ಣನಿಂದ ಪಾಲು ಕೇಳಿದ ತಂಗಿಯದು. ಅರ್ಧ ಪಾಲು ತಂಗಿಗೆ ಎಂದು ಮೊದಲೇ ಗುರುತು ಹಾಕಿಕೊಂಡು ಕಾರಣಗಳನ್ನು ಬರೆಯುತ್ತ ಹೋದೆ. ತಲೆಯೆತ್ತಿದರೆ ಇನ್ನೂ ಹನ್ನೆರಡು ನಿಮಿಷ ಉಳಿದಿದೆ! ಪರೀಕ್ಷೆಯಲ್ಲಿ ಸಮಯ ಉಳಿದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುಮ್ಮನೆ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿದೆ.

ಅಣ್ಣನ ಸಾಕ್ಷ್ಯದಲ್ಲಿ ಒಂದು ಸಾಲಿತ್ತು: ಜಮೀನಿನ ಬಾವಿಯನ್ನು ತಾನೇ ತೋಡಿದ್ದು ಎಂದು. ತಂಗಿಯೂ ಅದನ್ನು ಅಲ್ಲಗಳೆದಿರಲಿಲ್ಲ. ನನ್ನ ಅಷ್ಟುದ್ದದ ತೀರ್ಪಿನಲ್ಲಿ ಆ ಬಾವಿಯ ಮಾತೇ ಇರಲಿಲ್ಲ. ಅಣ್ಣ ಸೋತಿದ್ದ, ಸೋತವನ ಮಾತು ನನ್ನ ಕಿವಿಗೇ ಬಿದ್ದಿರಲಿಲ್ಲ. ಮನಸ್ಸಿಗೆ ಚುರುಕ್ಕೆಂದಿತು. ತಂಗಿಯ ಪಾಲಿಗೆ ಕುಂದು ಬಾರದಂತೆ, ಜಮೀನು ವಿಂಗಡಿಸುವಾಗ ಸಾಧ್ಯವಾದಷ್ಟೂ ಬಾವಿಯಿರುವ ಭಾಗವನ್ನು ಅಣ್ಣನಿಗೇ ಬಿಡತಕ್ಕದ್ದು ಎಂದು ಒಂದು ಪ್ಯಾರಾ ಸೇರಿಸಿದೆ. ಗಂಟೆ ಹೊಡೆಯಿತು.

ಫಲಿತಾಂಶ ಇನ್ನೂ ಬಂದಿಲ್ಲ. ಭಯ ಇದ್ದೇ ಇದೆ. ಗೆದ್ದವರು ತೀರ್ಪಿನ ಕಡೆಯ ಸಾಲು ನೋಡಿಕೊಂಡು ಊಟಕ್ಕೆ ಹೋಗುತ್ತಾರೆ. ಮೊದಲಿನಿಂದ ಕೊನೆಯವರೆಗೆ ಓದುವವರು ಸೋತವರೇ. ಬೇಗ ಬರೆಯುವುದನ್ನು ಇಷ್ಟು ಕಷ್ಟಪಟ್ಟು ಏಕೆ ಕಲಿತೆ ಎಂದು ಈಗ ಯಾರಾದರೂ ಕೇಳಿದರೆ, ಸೋತವರಿಗೆ ಉತ್ತರ ಕೊಡಲು ಹನ್ನೆರಡು ನಿಮಿಷ ಉಳಿಯಲಿ ಎಂದು ಹೇಳುತ್ತೇನೆ.