ಲೇತ್ ಅಣ್ಣ

ತಮಿಳು ಸೀಮೆಯ ಪೀಳಮೇಡಿನಲ್ಲಿ, ನಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದವನ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ಮೂಲೆ ಸೋರಬಾರ್ದು ಅಕ್ಕಾ.” ಅವನ ಬಳಿ ಒಂದು ರೋಟರಿ ಎಂಜಿನ್ ಇತ್ತು. ಅದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ತುಂಡೊಂದು ಗೂಡಿನೊಳಗೆ ಸುತ್ತುತ್ತದೆ. ಮೂಲೆಗಳು ಗೋಡೆಗೆ ಒತ್ತಿಕೊಳ್ಳದಿದ್ದರೆ ಬಲವೆಲ್ಲ ಸೋರಿಹೋಗುತ್ತದಂತೆ.

ಒಂದು ದಿನ ನಾನು ಗ್ರೈಂಡರಿನಲ್ಲಿ ಹಿಟ್ಟು ರುಬ್ಬುತ್ತಿದ್ದಾಗ ಬಂದು, ಸ್ಪ್ರಿಂಗಿನಿಂದ ಗೋಡೆಗೆ ಒತ್ತಿಕೊಂಡು ಹಿಟ್ಟು ಬಳಿಯುವ ಹಲಗೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಹೋಗಿ ಎಂಜಿನ್ನಿನ ಮೂಲೆಗಳನ್ನು ಮುಚ್ಚುವ ಪಟ್ಟಿಗಳನ್ನು ಓರೆಯಾಗಿ ಎರಡಾಗಿ ಕೊಯ್ದು, ಹಿಂದೆ ಬೇರೆ ಸ್ಪ್ರಿಂಗ್ ಇಟ್ಟ. ಅಲ್ಲಿಯವರೆಗೆ ಏದುಸಿರು ಬಿಡುತ್ತಿದ್ದ ಎಂಜಿನ್ ನೀರಿನ ಪಂಪನ್ನೇ ಎಳೆಯಿತು.

ಸುದ್ದಿ ಕೇಳಿ ಕಾಲೇಜಿನ ಮೇಷ್ಟ್ರೊಬ್ಬ ಬಂದ. “ಅಣ್ಣಾ, ಸೊಲ್ಲುಂಗ ಅಣ್ಣಾ,” ಹೇಳಿ ಅಣ್ಣಾ ಎಂದು ತಮಿಳಿನಲ್ಲಿ ಬೆಣ್ಣೆ ಹಚ್ಚಿದ. ಅಷ್ಟಕ್ಕೇ ಕರಗಿದ ಇವನು ಅಳತೆಯೆಲ್ಲ ಹೇಳಿ, ಎಂಜಿನ್ನನ್ನೂ ಕೊಟ್ಟು ಕಳಿಸಿದ.

ಕಾಲೇಜಿನ ಪ್ರದರ್ಶನಕ್ಕೆ ಇವನ ಜೊತೆ ನಾನೂ ಹೋದೆ. ಎಂಜಿನ್ ಓಡುತ್ತಿತ್ತು. ಮೇಲಿನ ತಮಿಳು ಫಲಕವನ್ನು ಅಕ್ಷರ ಕೂಡಿಸಿ ಓದಿದೆ. ಮೇಷ್ಟ್ರ ಹೆಸರು ದಪ್ಪಗಿತ್ತು. ಅಡಿಯಲ್ಲಿ ಸಣ್ಣಗೆ, ‘ಉದವಿ: ಲೇತ್ ಅಣ್ಣ.’ ಸಹಾಯ ಮಾಡಿದವನಂತೆ! ಇವನ ಹೆಸರೇನೆಂದು ಕೂಡ ಆ ಮನುಷ್ಯ ಕೇಳಿರಲಿಲ್ಲ.

“ಹೋಗಿ ಕೇಳು ತಂಬೀ!” ಎಂದೆ.

ಇವನು ಬಗ್ಗಿ ಎಂಜಿನ್ನಿಗೆ ಕಿವಿಗೊಟ್ಟ. “ಮೂಲೆ ಸೋರ್ತಾ ಇಲ್ಲ ಅಕ್ಕಾ.”

“ಸೋರಿದ್ದು ನಿನ್ ಬಾಯಿ.”

ಅವನು ನಗಲಿಲ್ಲ. ನಮ್ಮೂರಲ್ಲಿ ಗಂಡಸರನ್ನೆಲ್ಲ ಅಣ್ಣಾ ಎಂದೇ ಕರೆಯುತ್ತಾರೆ. ಆ ದಿನದಿಂದ ಯಾರು ಹಾಗೆ ಕರೆದರೂ ಅವನು ತಿರುಗಿ ನೋಡಲಿಲ್ಲ.