ಮಾವನ ಹೆಸರಿನ ಜಾಗ

೧೯೭೬ರಲ್ಲಿ ನಾನು ವಿಜಾಪುರ ಜಿಲ್ಲೆಯ ನಾಲ್ಕು ಊರುಗಳಿಗೆ ಒಬ್ಬಳೇ ಸಂಗೀತ ಶಿಕ್ಷಕಿಯಾಗಿದ್ದೆ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶನಿವಾರ ಬಸವನ ಬಾಗೇವಾಡಿ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಹಿಂದುಸ್ತಾನಿ ಗಾಯನದ ಪರೀಕ್ಷೆಗಳನ್ನೂ ಪಾಸು ಮಾಡಿಕೊಂಡಿದ್ದ ನನಗೆ ಒಂದು ಮಹಿಳಾ ಸಂಸ್ಥೆ ಕೊಟ್ಟ ಕೆಲಸವದು. ಐದು ವರ್ಷದೊಳಗಿನ ಮಕ್ಕಳನ್ನು ತಾಯಂದಿರ ತೊಡೆಯ ಮೇಲೆಯೇ ಕೂರಿಸಿ ಹಾಡು, ತಾಳ ಕಲಿಸಬೇಕು. ಕಾಗದದ ಮೇಲೆ ಅದರ ಹೆಸರು ‘ತಾಯಿ-ಮಕ್ಕಳ ಸಂಗೀತ ವರ್ಗ’. ಊರವರು ‘ಜೋಗುಳದ ಸಾಲಿ’ ಎನ್ನುತ್ತಿದ್ದರು. “ಕೂಸು ಮಲಗಸಾಕ ಪಗಾರ ಕೊಡತಾರಂತ ಈ ಅಕ್ಕಾರಿಗೆ” ಎಂದು ಒಬ್ಬ ಕಂಡಕ್ಟರ್ ನನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಏರಿಸುತ್ತ ಹೇಳಿದ್ದು ನೆನಪಿದೆ. ನೆನಪಿದೆ ಎಂದು ಬರೆದೆ. ಈ ಮಾತನ್ನು ಮುಂದೆ ಎಚ್ಚರದಿಂದ ಬಳಸಬೇಕು.

ನನಗೆ ಬರುತ್ತಿದ್ದ ಮಕ್ಕಳ ಹಾಡುಗಳು ಎರಡೇ ತಿಂಗಳಲ್ಲಿ ತೀರಿಹೋದವು. ಆಮೇಲೆ ತಾಯಂದಿರಿಂದಲೇ ಕಲಿಯತೊಡಗಿದೆ. ಒಂದೊಂದು ವಾರ ಒಬ್ಬೊಬ್ಬರು ತಮ್ಮ ಮನೆಯ ಹಾಡು ತರಬೇಕು, ಅದನ್ನು ಎಲ್ಲರೂ ಕಲಿಯಬೇಕು. ಇಂಡಿಯಲ್ಲಿ ಸಿಕ್ಕಿದ್ದನ್ನು ಮರುದಿನ ಸಿಂದಗಿಯಲ್ಲಿ ಹಾಡಿಸುತ್ತಿದ್ದೆ, ಮುದ್ದೇಬಿಹಾಳದ್ದನ್ನು ಬಾಗೇವಾಡಿಯಲ್ಲಿ. ಬಸ್ಸಿನ ಜೊತೆಗೆ ಹಾಡುಗಳೂ ತಿರುಗುತ್ತಿದ್ದವು. ಹೀಗೆ ಮಾಡಿದ್ದರಿಂದ ವರ್ಗ ತುಂಬಿತು. ಯಾವ ಹಾಡು ಎಲ್ಲಿಂದ ಹೊರಟಿತು ಎಂದು ಯಾರೂ ಕೇಳಲಿಲ್ಲ, ನಾನೂ ಗುರುತು ಮಾಡಿಕೊಳ್ಳಲಿಲ್ಲ.

ಅಂಥ ಒಂದು ಜೋಗುಳ ಎಲ್ಲರಿಗೂ ಮೆಚ್ಚುಗೆಯಾಯಿತು.

ಅಳಬ್ಯಾಡ ನನ ಕೂಸ, ಮಾವ ಬರತಾನ
ಎಳ್ಳಿನ ಹೊಲದಾಗ ಹಾದಿ ಹಿಡದಾನ

ಇದರ ಲಯಕ್ಕೆ ಏಳು ಮಾತ್ರೆ, ಅಂದರೆ ಏಳು ಎಣಿಕೆಯ ಒಂದು ಸುತ್ತು. ಎರಡು ಸಾಲು ಮುಗಿದ ಮೇಲೆ, ತೂಗುವ ಕೈ ಹಿಂದಕ್ಕೆ ಬರುವಷ್ಟು ಹೊತ್ತು ಹಾಡು ಸುಮ್ಮನಾಗುತ್ತದೆ. ಆಮೇಲೆ ಕೂಸಿನ ಸೋದರಮಾವನ ಹೆಸರು ಹಿಡಿದು ‘ಇಂಥ ಮಾವ ಬರತಾನ’ ಎನ್ನಬೇಕು. ಹೆಸರಿನ ಜಾಗವನ್ನು ನಾನು ಖಾಲಿ ಬಿಟ್ಟು ಕಲಿಸುತ್ತಿದ್ದೆ. ಪ್ರತಿ ತಾಯಿಯೂ ತನ್ನ ಅಣ್ಣನ ಅಥವಾ ತಮ್ಮನ ಹೆಸರು ತುಂಬಿಕೊಳ್ಳುತ್ತಿದ್ದಳು. ಎಲ್ಲ ಹೆಸರುಗಳೂ ಒಮ್ಮೆಲೇ ಬಿದ್ದು ಗದ್ದಲವಾಗಿ ನಗು ಏಳುತ್ತಿತ್ತು.

“ನಮ್ಮ ಅಣ್ಣನ ಹೆಸರ ಮಲ್ಲಿಕಾರ್ಜುನ ಐತ್ರಿ ಅಕ್ಕಾರ, ಇದರಾಗ ಕೂಡೂದಿಲ್ಲ.”

“ಮಲ್ಯಾ ಅನ್ನು. ಸಣ್ಣಾಕಿದ್ದಾಗ ಓಣಿತುಂಬ ಹಂಗ ಒದರತಿದ್ದಿ, ಈಗ ಮರ್ಯಾದಿ ಬಂತೇನು?”

ಬಾಗೇವಾಡಿಯ ವರ್ಗದಲ್ಲಿ ಈ ಹಾಡನ್ನು ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಮುನ್ನಿ. ಮೂರೂವರೆ ವರ್ಷವಿರಬಹುದು. ಇರಬಹುದು ಎನ್ನಲು ಕಾರಣವಿದೆ: ಅವಳು ಎಂದು ಹುಟ್ಟಿದಳೋ ಯಾರಿಗೂ ಗೊತ್ತಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಊರಿನ ಬಸ್ ನಿಲ್ದಾಣದ ಬೆಂಚಿನ ಕೆಳಗೆ ಮಲಗಿದ್ದಳಂತೆ. ಯಾವ ಬಸ್ಸಿನಿಂದ ಇಳಿದಳೆಂದು ನೋಡಿದವರಿಲ್ಲ. ಸೈಕಲ್ ಅಂಗಡಿಯ ದಸ್ತಗೀರಸಾಬರು ಎತ್ತಿಕೊಂಡು ಠಾಣೆಗೆ ಹೋದರು. ಯಾರೂ ಕೇಳಿಕೊಂಡು ಬರಲಿಲ್ಲವಾದ್ದರಿಂದ, ವಾರಸುದಾರರು ಸಿಗುವ ತನಕ ಎಂದು ಒಪ್ಪಿಸಿಕೊಂಡು ಮನೆಗೆ ಕರೆತಂದರು. ಅವರಿಗೂ ಹೆಂಡತಿ ಹಸನಬಿಗೂ ಮಕ್ಕಳಿರಲಿಲ್ಲ. ಹಸನಬಿ ಶನಿವಾರ ಎಲ್ಲರಿಗಿಂತ ಮೊದಲು ಬಂದು, ಮುನ್ನಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಾರ್ಮೋನಿಯಂಗೆ ತೀರ ಹತ್ತಿರದ ಜಾಗ ಹಿಡಿಯುತ್ತಿದ್ದಳು.

ಒಂದು ಮಂಗಳವಾರ ಸಿಂದಗಿಯಲ್ಲಿ ಆ ಜೋಗುಳ ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೊಸ ಹೆಂಗಸೊಬ್ಬಳು ಎದ್ದು ನಿಂತಳು. ಹೆಸರು ಶಿವವ್ವ, ಯಂಕಂಚಿಯವಳು. ಅಕ್ಕನ ಮನೆಗೆ ಬಂದಿದ್ದವಳು ಅಕ್ಕನ ಮಗುವನ್ನು ಎತ್ತಿಕೊಂಡು ವರ್ಗ ನೋಡಲು ಬಂದಿದ್ದಳು.

“ಈ ಹಾಡ ನಿಮಗ ಯಾರ ಕೊಟ್ರಿ?” ಎಂದಳು.

“ಯಾಕ ಬೇ?”

“ಇದು ನಮ್ಮವ್ವ ಹಾಡತಿದ್ದ ಹಾಡರೀ. ನಾ ನಮ್ಮ ನೀಲಾಗ ಹಾಡತಿದ್ದೆ.”

“ಬಾಗೇವಾಡ್ಯಾಗ ಒಂದು ಕೂಸು ಭಾಳ ಚಂದ ಹಾಡತೈತಿ” ಎಂದೆ. ‘ಹಾಡತೈತಿ’ ಎಂದೆನೋ, ‘ಆ ಕೂಸಿನಿಂದ ಕಲತೆ’ ಎಂದೆನೋ, ಇವತ್ತು ಖಚಿತವಿಲ್ಲ. ಶಿವವ್ವ ಎರಡನೆಯದನ್ನೇ ಕೇಳಿಸಿಕೊಂಡೆನೆಂದು ಕೊನೆತನಕ ಹೇಳಿದಳು.

ನೀಲಾ ಅವಳ ಮಗಳು, ಒಂದೂವರೆ ವರ್ಷದ ಹಿಂದೆ ಕಳೆದುಹೋದವಳು. ಆಗ ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯೊಳಗಿಂದ ಟವೆಲ್, ಚೀಲ ಎಸೆಯುವ ಹಾಗೆ ಕೂಸುಗಳನ್ನೂ ಒಳಗೆ ಇಳಿಸುವ ರೂಢಿ ಇತ್ತು. ಕೂಸು ಕುಳಿತ ಸೀಟನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಸಿಂದಗಿ ನಿಲ್ದಾಣದಲ್ಲಿ ಶಿವವ್ವನ ಅತ್ತೆ ಹಾಗೆಯೇ ನೀಲಾಳನ್ನು ಕಿಟಕಿಯಿಂದ ಬಿಟ್ಟು ಬಾಗಿಲ ಕಡೆ ನುಗ್ಗಿದಳು. ಗದ್ದಲದಲ್ಲಿ ಬಾಗಿಲು ಸಿಗಲಿಲ್ಲ, ಬಸ್ಸು ಹೊರಟಿತು. ಅದು ಕಲಬುರ್ಗಿ ಬಸ್ಸು ಎಂದು ಮುದುಕಿ ಆಣೆ ಮಾಡಿ ಹೇಳಿದಳು. ಮನೆಯವರೆಲ್ಲ ಕಲಬುರ್ಗಿ ಕಡೆಯ ಊರುಗಳನ್ನೇ ತಿಂಗಳುಗಟ್ಟಲೆ ಹುಡುಕಿದರು. ಬಾಗೇವಾಡಿಯ ದಾರಿ ಅದರ ವಿರುದ್ಧ ದಿಕ್ಕಿಗೆ.

ಆ ಶನಿವಾರ ಶಿವವ್ವ ತನ್ನ ಅಣ್ಣ ಸಂಗಪ್ಪನನ್ನು ಕರೆದುಕೊಂಡು ಬಾಗೇವಾಡಿಯ ವರ್ಗಕ್ಕೆ ಬಂದಳು. ಬಾಗಿಲಲ್ಲಿ ನಿಂತು ಮುನ್ನಿಯನ್ನು ನೋಡಿದಳು. “ನೀಲಾ” ಎಂದಳು. ಮುನ್ನಿ ತಿರುಗಿ ನೋಡಲಿಲ್ಲ. ಇದ್ದ ಮಕ್ಕಳೆಲ್ಲ ಅವಳನ್ನು ನೋಡಿದರು, ಮುನ್ನಿ ಒಬ್ಬಳೇ ನನ್ನ ಹಾರ್ಮೋನಿಯಂನ ಬಿಳಿ-ಕಪ್ಪು ಮನೆಗಳನ್ನು ಒತ್ತುತ್ತಿದ್ದಳು. ಆದರೆ ಒಂದೂವರೆ ವರ್ಷ ಕೇಳದ ಹೆಸರನ್ನು ಮೂರೂವರೆಯ ಕೂಸು ಗುರುತಿಸಬೇಕೆಂದು ಹೇಳುವುದು ಹೇಗೆ?

“ಹೊಟ್ಟಿ ಮ್ಯಾಲ ಬರಿ ಐತಿ ನೋಡ್ರಿ. ಸಣ್ಣಾಕಿದ್ದಾಗ ಜಡ್ಡಿಗೆ ಹಾಕಿಸಿದ್ದು” ಎಂದು ಶಿವವ್ವ ಮುನ್ನಿಯ ಅಂಗಿ ಎತ್ತಿದಳು. ಬರೆ ಇತ್ತು.

ಹಸನಬಿ ಪಕ್ಕದ ಹುಡುಗನ ಅಂಗಿ ಎತ್ತಿದಳು, ಅವನ ಪಕ್ಕದವಳದ್ದೂ ಎತ್ತಿದಳು. “ಇವನ ಹೊಟ್ಟಿ ಮ್ಯಾಲೂ ಐತಿ, ಇಕಿ ಹೊಟ್ಟಿ ಮ್ಯಾಲೂ ಐತಿ. ಇವರೂ ನಿನ್ನ ಮಕ್ಕಳೇನ? ಎಲ್ಲಾರನ್ನೂ ಕಟಗೊಂಡ ಹೋಗ.”

ಮಾತು ಹೊರಗೆ ಹೋಗಿ ಠಾಣೆಯ ಫೌಜದಾರರ ತನಕ ಮುಟ್ಟಿತು. ಅವರು ಬಂದು ಎರಡೂ ಕಡೆಯವರನ್ನು ಕೇಳಿದರು. ಮುದುಕಿ ಕಲಬುರ್ಗಿ ಎನ್ನುತ್ತಾಳೆ, ಬರೆ ಎಲ್ಲ ಕೂಸುಗಳಿಗೂ ಇದೆ, ಉಳಿದದ್ದು ಹಾಡು. ಕೊನೆಗೆ ನನ್ನ ಕಡೆ ತಿರುಗಿದರು.

“ಅಕ್ಕಾರ, ನಾ ಹೆಜ್ಜಿ ಗುರ್ತ ನೋಡಿ ಕಳ್ಳರನ್ನ ಹಿಡದಾಂವ. ಹಾಡಿನ ಹೆಜ್ಜಿ ನನಗ ತಿಳಿಯಂಗಿಲ್ಲ. ಈ ಹಾಡ ನೀವು ಮೊದಲ ಯಾವೂರಾಗ ಕೇಳಿದ್ರಿ ಅದನ್ನ ಹೇಳ್ರಿ. ಮುಂದಿನ ಶನಿವಾರ ಇಲ್ಲೇ ಕೂಡೂಣು.”

ಪ್ರಶ್ನೆ ಸರಳವಾಗಿತ್ತು. ಮುನ್ನಿ ಹಾಡಿದ್ದನ್ನು ಕೇಳಿ ನಾನು ಸಿಂದಗಿಗೆ ಒಯ್ದಿದ್ದರೆ, ಹಸನಬಿ ಕಡೆಯವರ ಹಾಡು ಅದಲ್ಲವಾದ್ದರಿಂದ, ಕೂಸು ಅದನ್ನು ತನ್ನ ಹುಟ್ಟಿದ ಮನೆಯಿಂದಲೇ ತಂದಿರಬೇಕು. ಆಗ ಅವಳು ನೀಲಾ. ಸಿಂದಗಿಯಲ್ಲಿ ಯಾರಿಂದಲೋ ಕಲಿತು ಬಾಗೇವಾಡಿಗೆ ತಂದಿದ್ದರೆ, ಮುನ್ನಿ ಅದನ್ನು ನನ್ನಿಂದಲೇ ಕಲಿತಂತಾಯಿತು. ಆಗ ಹಾಡು ಯಾವುದಕ್ಕೂ ಸಾಕ್ಷಿಯಲ್ಲ. ಒಂದು ಕೂಸು ಯಾರ ಮನೆಯಲ್ಲಿ ಬೆಳೆಯಬೇಕೆಂಬುದು ನನ್ನ ನೆನಪಿನ ಮೇಲೆ ನಿಂತಿತ್ತು.

ಆ ವಾರವೆಲ್ಲ ನೆನಪನ್ನು ಕೆದಕಿದೆ. ಕಣ್ಣು ಮುಚ್ಚಿದರೆ ಮುನ್ನಿ ಒಬ್ಬಳೇ ಗುನುಗುವುದು, ನಾನು ಹಾರ್ಮೋನಿಯಂ ನಿಲ್ಲಿಸಿ ಕಿವಿಗೊಡುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಮರುಗಳಿಗೆ ಸಿಂದಗಿಯ ಕಿಟಕಿಯ ಪಕ್ಕ ಹಸಿರು ಸೀರೆಯವಳೊಬ್ಬಳು ಅದೇ ಹಾಡನ್ನು ನಾಚುತ್ತ ಹೇಳಿಕೊಡುವುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡರಲ್ಲಿ ಒಂದನ್ನು ನನ್ನ ಮನಸ್ಸೇ ಕಟ್ಟಿತ್ತು, ಯಾವುದನ್ನು ಎಂದು ತಿಳಿಯಲಿಲ್ಲ. ದಿನಚರಿ ತೆಗೆದು ನೋಡಿದೆ. ‘ಹೊಸ ಜೋಗುಳ. ಏಳು ಮಾತ್ರೆ. ಬಹಳ ಚೆನ್ನಾಗಿದೆ. ಮನಸ್ಸು ಹಗುರವಾಯಿತು’ ಎಂದಿತ್ತು. ದಿನಚರಿ ಬರೆಯುವವರು ತಮ್ಮ ಮನಸ್ಸನ್ನು ಬರೆದುಕೊಳ್ಳುತ್ತಾರೆ, ಊರಿನ ಹೆಸರು ಬಿಡುತ್ತಾರೆ.

ಊರುಗಳಲ್ಲೇ ಕೇಳಿದೆ. ಬಾಗೇವಾಡಿಯವರನ್ನು ಕೇಳಿ ಫಲವಿರಲಿಲ್ಲ, ಅವರೆಲ್ಲ ಹಸನಬಿಯ ಕಡೆ. ಸಿಂದಗಿಯವರು, “ನೀವ ತಂದ ಕಲಿಸಿದ್ರಿ ಅಕ್ಕಾರ” ಎಂದರು. ಅಲ್ಲಿ ಹಸಿರು ಸೀರೆಯವಳ ಗುರುತು ಯಾರಿಗೂ ಹತ್ತಲಿಲ್ಲ. ಮುದ್ದೇಬಿಹಾಳದವರು ದೀಪಾವಳಿಗೆ ಮೊದಲೇ ಕಲಿತಿದ್ದೆವೆಂದರು, ಅವರಲ್ಲೇ ಇಬ್ಬರು ಸಂಕ್ರಾಂತಿಯ ಮೇಲೆ ಎಂದು ಜಗಳವಾಡಿದರು. ಇಂಡಿಯಲ್ಲಿ ಒಬ್ಬ ಮುದುಕಿ ನನ್ನನ್ನು ಬೈದೇಬಿಟ್ಟಳು: “ನೀ ಏನ ಕಲಸ್ತಿ? ಇದು ನಮ್ಮ ಆಯಿ ಹಾಡತಿದ್ಲು.” ಹಾಗಾದರೆ ಇದು ಯಂಕಂಚಿಯ ಒಂದು ಮನೆಯ ಹಾಡೂ ಅಲ್ಲವೇ? ಅಥವಾ ಎರಡು ಮೂರು ತಿಂಗಳಲ್ಲೇ ಆ ಮುದುಕಿಯ ಕಿವಿಗೆ ಹಳೆಯದಾಗಿಬಿಟ್ಟಿತ್ತೇ? ಕೇಳಿದಷ್ಟೂ ಗೊಂದಲ ಹೆಚ್ಚಾಯಿತು.

ಶುಕ್ರವಾರ ಸಂಜೆ ನಾನು ಬಾಗೇವಾಡಿಯಲ್ಲಿ ಇಳಿದುಕೊಳ್ಳುತ್ತಿದ್ದ ಕೋಣೆಗೆ ದಸ್ತಗೀರಸಾಬರು ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಕೈಗೆ ಹತ್ತಿದ ಗ್ರೀಸನ್ನು ಚಿಂದಿಗೆ ಒರೆಸಿಕೊಳ್ಳುತ್ತ ಮಾತನಾಡಿದರು.

“ಸಿಂದಗ್ಯಾಗ ಮೊದಲ ಕೇಳಿದ್ನಿ ಅಂದಬಿಡ್ರಿ ಅಕ್ಕಾರ. ಮುಗೀತು.”

“ನನಗ ಗೊತ್ತಿಲ್ಲಲ್ರೀ.”

“ಅದಕ್ಕ ಹೇಳಾಕತ್ತೇನಿ. ಗೊತ್ತಿದ್ದು ಬ್ಯಾರೆ ಅಂದ್ರ ಸುಳ್ಳ. ಗೊತ್ತ ಇಲ್ಲಂದಮ್ಯಾಲ ಅದು ಸುಳ್ಳ ಹ್ಯಾಂಗ ಆಕ್ಕೈತ್ರಿ?”

ಮರುದಿನ ಬೆಳಿಗ್ಗೆ ಬಸ್ಸಿಳಿದು ಬಂದ ಸಂಗಪ್ಪ ಹೇಳಿದ್ದೂ ಇಷ್ಟೇ, ಊರು ಮಾತ್ರ ಬೇರೆ: “ಕೂಸಿನ ಕಡಿಂದ ಕಲತೆ ಅನ್ರಿ. ನಮ್ಮ ತಂಗಿಗೆ ಅಂದೀರಲ್ಲ ಮೊದಲ?”

ಶನಿವಾರ ಫೌಜದಾರರು ಯೂನಿಫಾರ್ಮ್ ಇಲ್ಲದೆ, ಬಿಳಿ ಅಂಗಿಯಲ್ಲಿ ಬಂದರು. ಕೂಸು ಅಂಜಬಾರದೆಂದು. ಹಸನಬಿಯ ತಮ್ಮ ಲಾಲಸಾಬ ಬಾಗಿಲಿಗೆ ಅಡ್ಡ ನಿಂತಿದ್ದ. ಹತ್ತಿ ಅಂಡಿಗೆ ಎತ್ತುವ ಹಮಾಲ, ದೊಡ್ಡ ಆಳು. ಶಿವವ್ವ ಒಂದು ಗೋಡೆಗೆ, ಹಸನಬಿ ಎದುರಿನ ಗೋಡೆಗೆ ಕುಳಿತಿದ್ದರು.

“ಹೇಳ್ರಿ ಅಕ್ಕಾರ.”

“ಗೊತ್ತಿಲ್ರಿ. ಎರಡೂ ಊರಾಗ ಮೊದಲ ಕೇಳಿಧಂಗ ನೆನಪೈತಿ. ಎರಡೂ ಖರೇ ಇರಾಕ ಆಗಂಗಿಲ್ಲ.”

“ಇಷ್ಟ ಓದೀರಿ, ಒಂದು ಹಾಡಿನ ಊರ ನೆನಪಿಲ್ಲಾ?”

“ಇಲ್ರಿ. ನೆನಪೈತಿ ಅಂತ ಸುಳ್ಳ ಹೇಳಿದ್ರ ಇಬ್ಬರೊಳಗ ಒಬ್ಬರಿಗೆ ಅನ್ಯಾಯ ಆಕ್ಕೈತಿ. ಯಾರಿಗೆ ಅಂತನೂ ನನಗ ತಿಳಿಯಂಗಿಲ್ಲ.”

ಇಬ್ಬರು ತಾಯಂದಿರೂ ಒಂದೇ ಸಿಟ್ಟಿನಿಂದ ನನ್ನನ್ನು ನೋಡಿದರು. ಆ ದಿನ ಅವರಿಬ್ಬರ ನಡುವೆ ಕಂಡ ಮೊದಲ ಒಪ್ಪಂದ ಅದು.

ಫೌಜದಾರರು ಮುನ್ನಿಯ ಕಡೆ ತಿರುಗಿ, “ಕೂಸ ಹಾಡಲಿ, ಕೇಳೂಣು” ಎಂದರು. ಮುನ್ನಿಗೆ ಹೇಳಿಸಿಕೊಳ್ಳುವುದು ಬೇಕಿರಲಿಲ್ಲ. ಹಸನಬಿಯ ತೊಡೆಯ ಮೇಲೆ ಹಿಂದಕ್ಕೆ ಮುಂದಕ್ಕೆ ತೂಗುತ್ತ ಹಾಡಿದಳು. ಎದುರು ಗೋಡೆಗೆ ಕುಳಿತ ಶಿವವ್ವನ ಕೈ ಮೊಣಕಾಲಿನ ಮೇಲೆ ಅದೇ ಲಯದಲ್ಲಿ ಆಡುತ್ತಿತ್ತು. ಎರಡು ಸಾಲು ಮುಗಿದವು. ಹಾಡು ಸುಮ್ಮನಾಯಿತು. ಶಿವವ್ವನ ಕೈಯೂ ನಿಂತಿತು.

“ಲಾಲ್ಯಾ ಮಾವ ಬರತಾನ” ಎಂದು ಮುನ್ನಿ ಹಾಡಿದಳು.

ಲಾಲಸಾಬ ಮುಖವನ್ನು ಬಾಗಿಲ ಚೌಕಟ್ಟಿನ ಕಡೆ ತಿರುಗಿಸಿಕೊಂಡ. ಸಂಗಪ್ಪ ತಲೆ ತಗ್ಗಿಸಿದ. ಫೌಜದಾರರು ಎದ್ದರು. “ಕೂಸ ಇದ್ದಲ್ಲೇ ಇರ್ಲಿ. ಬ್ಯಾರೆ ಪುರಾವೆ ಸಿಕ್ರ ಕೋರ್ಟಿಗೆ ಹೋಗ್ರಿ, ನಾ ಬ್ಯಾಡ ಅನ್ನೂದಿಲ್ಲ.”

ಎಲ್ಲ ಮುಗಿಯಿತೆಂದು ಜನ ಎದ್ದರು. ಶಿವವ್ವ ಏಳಲಿಲ್ಲ. ಕುಳಿತಲ್ಲಿಂದಲೇ ಹಸನಬಿಗೆ ಹೇಳಿದಳು:

“ಅಕ್ಕಾ, ಕೂಸ ನಂದು ಅಂತ ನನಗ ಗೊತ್ತೈತಿ. ನಿಂದು ಅಂತ ನಿನಗ ಗೊತ್ತೈತಿ. ಕಸಗೊಳ್ಳಾಕ ನನ್ನ ಕಡೆ ಏನೂ ಇಲ್ಲ. ಆ ಜಾಗದಾಗ ನಮ್ಮ ಅಣ್ಣನ ಹೆಸರೂ ಹಾಕ್ತಿಯೇನು?”

ಹಸನಬಿ ಮುನ್ನಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. “ಒಂದ ಹೆಸರಿನ ಜಾಗ ಐತಲ್ಲ ಅಲ್ಲಿ” ಎಂದಳು. ಅದು ನಿರಾಕರಣೆ ಎಂದುಕೊಂಡೆ. ಆದರೆ ಅವಳು ನನ್ನ ಕಡೆ ತಿರುಗಿ ಕೇಳಿದಳು: “ಎರಡ ಹೆಸರ ಕೂಡತಾವೇನ್ರಿ ಅಕ್ಕಾರ?”

“ಒಂದ ಸುತ್ತಿನಾಗ ಕೂಡಂಗಿಲ್ಲ. ಆ ಸಾಲ ಇನ್ನೊಮ್ಮೆ ಹಾಡಬೇಕು. ಇನ್ನೊಂದ ಏಳು ಮಾತ್ರೆ ತೂಗಬೇಕು.”

ಆ ಇಡೀ ವಾರದಲ್ಲಿ ನಾನು ಖಚಿತವಾಗಿ ಹೇಳಿದ ಮಾತು ಅದೊಂದೇ.

“ತೂಗಿದ್ರಾತು” ಎಂದಳು ಹಸನಬಿ. “ಕೈಯೇನ ಸವೆಯೂದಿಲ್ಲ.”

ಆಮೇಲೆ ಶಿವವ್ವ ಆಗಾಗ ಶನಿವಾರ ಬರುತ್ತಿದ್ದಳು. ಹಸನಬಿಯ ಪಕ್ಕದಲ್ಲಿ, ಸ್ವಲ್ಪ ಅಂತರ ಬಿಟ್ಟು ಕೂರುತ್ತಿದ್ದಳು. ಆ ಅಂತರ ಕಡಿಮೆಯಾಯಿತೇ? ಆಯಿತೆಂದು ಬರೆಯಲು ಆಸೆಯಿದೆ, ಆದರೆ ನನಗೆ ಬೇಕಾದದ್ದನ್ನೇ ನೆನಪು ಕೊಡುತ್ತಿದೆಯೇನೋ ಎಂಬ ಅನುಮಾನ. ಹೊರಗೆ ಲಾಲಸಾಬನೂ ಸಂಗಪ್ಪನೂ ಒಂದೇ ಕಟ್ಟೆಯ ಮೇಲೆ ಕುಳಿತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದುದು ಮಾತ್ರ ನಿಜ. ಕಟ್ಟೆಯ ಮೇಲೆ ಉಗುಳಬೇಡಿರೆಂದು ಇಬ್ಬರಿಗೂ ನಾನೇ ಹೇಳಬೇಕಾಗುತ್ತಿತ್ತು. ಎರಡು ವರ್ಷದ ನಂತರ ಸಂಸ್ಥೆ ನನ್ನನ್ನು ಬೇರೆ ಕಡೆಗೆ ಕಳಿಸಿತು. ಮುನ್ನಿ ನೀಲಾಳೇ ಆಗಿದ್ದಳೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಸ್ವರ, ಲಯ ನನಗೆ ಗೊತ್ತಿದ್ದರೂ ಹಾಡು ನನ್ನದಲ್ಲ. ಅಲ್ಲಿಂದ ಮುಂದೆ ನಿವೃತ್ತಳಾಗುವ ತನಕ, ಯಾವ ಹಾಡನ್ನು ಕಲಿಸುವಾಗಲೂ ಅದು ಯಾವ ಊರಿನ, ಯಾರ ಮನೆಯದೆಂದು ಮೊದಲು ಹೇಳಿ ಆಮೇಲೆ ಹಾರ್ಮೋನಿಯಂ ತೆರೆದೆ. ಆ ಒಂದು ಜೋಗುಳಕ್ಕೆ ಮಾತ್ರ ಏನು ಹೇಳಬೇಕೆಂದು ಇವತ್ತಿಗೂ ತಿಳಿಯದು. ಈಗ ಅದನ್ನು ಹಾಡಿ ಮಲಗಿಸುವಾಗ ಯಾರದೆಂದು ಮೊಮ್ಮಗಳು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಮಾವನ ಹೆಸರಿನ ಜಾಗ ಬಂದಾಗ ಒಂದು ಗಳಿಗೆ ಸುಮ್ಮನಾಗಿ, ಲಾಲ್ಯಾ ಮಾವನನ್ನೂ ಕರೆಯುತ್ತೇನೆ, ಇನ್ನೊಂದು ಸುತ್ತು ತೂಗಿ ಸಂಗಪ್ಪ ಮಾವನನ್ನೂ ಕರೆಯುತ್ತೇನೆ. ಅವಳ ಸ್ವಂತ ಮಾವನ ಸರದಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿರುತ್ತದೆ.